ಹೊಸ ಕೋಳಿ ತಳಿಗೆ ಎಪಿಎ ಮಾನ್ಯತೆ: ಮೊದಲು ಯಾವುದು, ಆಮೇಲೆ ಯಾವುದು

ಹಕ್ಕಿ ಚೆನ್ನಾಗಿದೆ, ಶೋಗೆ ಬಂದವರೆಲ್ಲ ನಿಂತು ನೋಡ್ತಾರೆ, ಆದರೂ ಅರ್ಜಿ ವಾಪಸ್ ಬಂತು. ಅಮೆರಿಕದಲ್ಲಿ ಪ್ರದರ್ಶನದ ಕೋಳಿ ಸಾಕುವವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಕಾರಣ ಹೆಚ್ಚಾಗಿ ಒಂದೇ: ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿರುತ್ತಾರೆ.

ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್, ಅಂದರೆ ಎಪಿಎ, ಒಂದು ಹಕ್ಕಿಯ ಅಂದ ನೋಡಿ ತಳಿಯನ್ನು ಒಪ್ಪುವುದಿಲ್ಲ. ಬೇರೆ ಬೇರೆ ಜನರ ಗೂಡುಗಳಲ್ಲಿ, ವರ್ಷಗಟ್ಟಲೆ, ಅದೇ ರೂಪದ ಮರಿಗಳು ಹುಟ್ಟುತ್ತಿವೆಯಾ ಅನ್ನುವುದೇ ಅದರ ಪ್ರಶ್ನೆ. ನಿಯಮದಲ್ಲಿರುವ ಅಫಿಡವಿಟ್, ಶೋ ಪತ್ರ, ಜಡ್ಜ್ ಅಭಿಪ್ರಾಯ ಎಲ್ಲವೂ ಇದನ್ನೇ ಬೇರೆ ಬೇರೆ ಕಡೆಯಿಂದ ಕೇಳುತ್ತವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಕೆಲಸ ಯಾವಾಗ ಅನ್ನುವುದು ತಾನಾಗಿ ಹೊಳೆಯುತ್ತದೆ.

## ಮೊದಲು ಕೈಯಲ್ಲಿರಬೇಕಾದವು

ಮಾನ್ಯತೆ ಪಡೆದ ತಳಿಗಳ ವಿವರಣೆ ಇರುವ, ಎಪಿಎ ಪ್ರಕಟಿಸುವ ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್ ಪುಸ್ತಕದ ಹೊಸ ಆವೃತ್ತಿ ಬೇಕೇ ಬೇಕು. ಯಾರದೋ ಅಟ್ಟದಲ್ಲಿ ಸಿಕ್ಕ ಹಳೆಯ ಪ್ರತಿ ನೋಡಿ ಕೆಲಸ ಶುರು ಮಾಡಬೇಡಿ. ಹೊಸ ತಳಿ ಸೇರಿಸುವ ನಿಯಮಗಳ ಈಗಿನ ಪ್ರತಿಯನ್ನು ಎಪಿಎ ಕಾರ್ಯದರ್ಶಿಯಿಂದ ನೇರವಾಗಿ ತರಿಸಿಕೊಂಡು, ನಾನು ಇಲ್ಲಿ ಬರೆದಿರುವ ಅಂಕಿಗಳನ್ನು ಅದರ ಜೊತೆ ತಾಳೆ ನೋಡಿ. ಶುಲ್ಕ, ನಮೂನೆ ಇವೆಲ್ಲ ಆಗಾಗ ಬದಲಾಗುವಂಥವು.

ಉಳಿದದ್ದು ಸಾಮಾನುಗಳು. ಔನ್ಸ್ ಲೆಕ್ಕದಲ್ಲಿ ತೂಗುವ ತಕ್ಕಡಿ. ನಂಬರ್ ಇರುವ ಕಾಲುಂಗುರ. ಮರಿಗಳ ಬೆರಳಿನ ನಡುವಿನ ಪೊರೆಗೆ ತೂತು ಹಾಕುವ ಟೋ ಪಂಚ್. ಒಂದಕ್ಕೊಂದು ಬೆರೆಯದಂಥ ಮೂರಾದರೂ ಗೂಡು. ಇನ್‌ಕ್ಯುಬೇಟರ್ ಒಳಗೆ ಒಂದೊಂದು ಹೇಂಟೆಯ ಮೊಟ್ಟೆಯನ್ನು ಬೇರೆ ಬೇರೆ ಇಡಲು ಮುಚ್ಚಳವಿರುವ ಜಾಲರಿ ಬುಟ್ಟಿ. ಒಂದು ದಪ್ಪ ನೋಟ್‌ಬುಕ್. ಕ್ಯಾಮೆರಾಕ್ಕೆ ಫೋನ್ ಸಾಕು, ಆದರೆ ಪ್ರತಿ ಸಲ ಅದೇ ಜಾಗ, ಅದೇ ಬೆಳಕು, ಅದೇ ಕೋನ ಇರಲಿ. ಇಲ್ಲದಿದ್ದರೆ ಎರಡು ವರ್ಷದ ಫೋಟೋಗಳನ್ನು ಪಕ್ಕದಲ್ಲಿಟ್ಟು ಬಣ್ಣ ಹೋಲಿಸಲು ಆಗುವುದೇ ಇಲ್ಲ.

## ಹಂತ 1: ತಳಿಯೋ, ಬಗೆಯೋ ತೀರ್ಮಾನಿಸಿ

ಇಲ್ಲೇ ಅರ್ಧ ಜನ ದಾರಿ ತಪ್ಪುತ್ತಾರೆ. ತಳಿಯನ್ನು ಗುರುತಿಸುವುದು ಮುಖ್ಯವಾಗಿ ಮೈಕಟ್ಟಿನಿಂದ. ಬೆನ್ನಿನ ಗೆರೆ, ಎದೆ, ಬಾಲದ ಕೋನ, ಕಾಲಿನ ಎತ್ತರ ಇವೆಲ್ಲ ಅದರಲ್ಲಿ ಬರುತ್ತವೆ. ಬಗೆ ಅನ್ನುವುದು ಅದೇ ತಳಿಯೊಳಗಿನ ವ್ಯತ್ಯಾಸ. ಬಣ್ಣ, ಗರಿಯ ವಿನ್ಯಾಸ, ಜುಟ್ಟಿನ ಆಕಾರ ಇಂಥವು. ನಿಮ್ಮ ಹಕ್ಕಿಗೆ ಆರ್ಪಿಂಗ್ಟನ್ ತಳಿಯ ಮೈಕಟ್ಟು ಇದ್ದು, ಬಣ್ಣ ಮಾತ್ರ ಪುಸ್ತಕದಲ್ಲಿ ಇಲ್ಲದ್ದಾದರೆ ಅದು ಹೊಸ ತಳಿಯಲ್ಲ, ಆರ್ಪಿಂಗ್ಟನ್‌ನ ಹೊಸ ಬಗೆ. ಅದನ್ನು ಹೊಸ ಹೆಸರಿಟ್ಟು ತಳಿ ಅಂತ ಕಳಿಸಿದರೆ ಯಾರೂ ಒಪ್ಪುವುದಿಲ್ಲ.

ಮಾನ್ಯತೆ ಸಿಗುವುದು ಬಗೆಬಗೆಯಾಗಿ ಅನ್ನುವುದನ್ನೂ ಮರೆಯಬೇಡಿ. ಅಮೆರಾಕಾನಾ ತಳಿ 1984ರಲ್ಲಿ ಎಪಿಎ ಪುಸ್ತಕ ಸೇರಿದಾಗ ಎಂಟು ಬಣ್ಣಗಳಿಗೆ ಮಾತ್ರ ಒಪ್ಪಿಗೆ ಸಿಕ್ಕಿತು: ಬ್ಲ್ಯಾಕ್, ಬ್ಲೂ, ಬ್ಲೂ ವೀಟನ್, ಬ್ರೌನ್ ರೆಡ್, ಬಫ್, ಸಿಲ್ವರ್, ವೀಟನ್, ವೈಟ್. ಮಾರಾನ್ಸ್ ತಳಿ 2011ರಲ್ಲಿ ಬಂದಾಗ ಮೊದಲು ಒಳಗೆ ಹೋದದ್ದು ಬ್ಲ್ಯಾಕ್ ಕಾಪರ್ ಅನ್ನುವ ಬಣ್ಣ. ನಿಮ್ಮ ಹತ್ತಿರ ನಾಲ್ಕು ಬಣ್ಣ ಇದ್ದರೆ ಅತಿ ಗಟ್ಟಿಯಾದ ಒಂದನ್ನು ಆರಿಸಿಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡು ಹೊರಟರೆ ಗೂಡು, ಜನ, ಶೋ ಎಲ್ಲವೂ ನಾಲ್ಕು ಪಾಲಾಗಿ ಯಾವುದಕ್ಕೂ ಲೆಕ್ಕ ಸಾಲದೆ ಹೋಗುತ್ತದೆ.

ಬೇರೆ ದೇಶದಲ್ಲಿ ಆಗಲೇ ಮಾನದಂಡ ಇರುವ ತಳಿಯಾದರೆ ಆ ಮಾನದಂಡದಿಂದಲೇ ಶುರು ಮಾಡಿ. ಮಾರಾನ್ಸ್‌ನಲ್ಲಿ ಫ್ರೆಂಚರದ್ದು ಕಾಲಿನ ಮೇಲೆ ಗರಿ ಇರುವ ಹಕ್ಕಿ, ಇಂಗ್ಲಿಷರದ್ದು ಬೋಳು ಕಾಲಿನದ್ದು. ಅಮೆರಿಕದಲ್ಲಿ ಕೊನೆಗೆ ಪುಸ್ತಕಕ್ಕೆ ಹೋದದ್ದು ಗರಿ ಕಾಲಿನದ್ದು. ಇಂಥ ಜಗಳ ನಿಮ್ಮ ತಳಿಯಲ್ಲೂ ಇದ್ದರೆ ಅರ್ಜಿಗೆ ಮುಂಚೆಯೇ ಮುಗಿಸಿಕೊಳ್ಳಿ.

ಹಕ್ಕಿ ಬ್ಯಾಂಟಮ್, ಅಂದರೆ ಪುಟ್ಟ ಗಾತ್ರದ ಕೋಳಿ, ಆಗಿದ್ದರೆ ಇನ್ನೊಂದು ಬಾಗಿಲೂ ಇದೆ. ಅಮೆರಿಕನ್ ಬ್ಯಾಂಟಮ್ ಅಸೋಸಿಯೇಷನ್‌ಗೆ ಅದರದೇ ಮಾನದಂಡ ಪುಸ್ತಕ, ಅದರದೇ ನಿಯಮ. ಒಂದರಲ್ಲಿ ಸಿಕ್ಕ ಮಾನ್ಯತೆ ಇನ್ನೊಂದಕ್ಕೆ ತಾನಾಗಿ ಅನ್ವಯಿಸುತ್ತದೆ ಅಂದುಕೊಳ್ಳಬೇಡಿ.

## ಹಂತ 2: ಐದು ಜನರನ್ನು ಮೊದಲೇ ಕಟ್ಟಿ

ಕೋಳಿಗಿಂತ ಮೊದಲು ಬೇಕಾಗುವುದು ಜನ. ಎಪಿಎ ಕೇಳುವುದು ಕನಿಷ್ಠ ಐದು ಮಂದಿ ಸಾಕಣೆದಾರರ ಅಫಿಡವಿಟ್. ಆ ಐವರೂ ಐದು ವರ್ಷದಿಂದ ಎಪಿಎ ಸದಸ್ಯರಾಗಿರಬೇಕು, ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಈ ತಳಿಯನ್ನೋ ಬಗೆಯನ್ನೋ ಬೆಳೆಸಿರಬೇಕು, ಹುಟ್ಟುವ ಹಕ್ಕಿಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮೈಕಟ್ಟು, ಗಾತ್ರ, ಬಣ್ಣ, ಜುಟ್ಟಿನಲ್ಲಿ ಸರಿಯಾಗಿ ಬರುತ್ತಿವೆ ಅಂತ ಪ್ರಮಾಣ ಮಾಡಿ ಬರೆದುಕೊಡಬೇಕು.

ಈ ಐದು ವರ್ಷದ ಗಡಿಯಾರ ಓಡಲು ಶುರುವಾಗುವುದು ಸದಸ್ಯತ್ವ ಪಡೆದ ದಿನದಿಂದ. ಹಕ್ಕಿಗಳನ್ನು ಹತ್ತು ವರ್ಷದಿಂದ ಸಾಕಿದ್ದರೂ ಸದಸ್ಯತ್ವ ಹೋದ ವರ್ಷ ಮಾಡಿಸಿದ್ದರೆ ನಿಮ್ಮ ಅಫಿಡವಿಟ್ ಈಗ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಇವತ್ತೇ, ಬೇರೆ ಏನನ್ನೂ ಮಾಡುವ ಮುಂಚೆ, ಗುಂಪಿನ ಎಲ್ಲರೂ ಸದಸ್ಯರಾಗಿ. ನವೀಕರಣದ ತಾರೀಕು ನೋಡಿಕೊಳ್ಳುವ ಕೆಲಸವನ್ನು ಒಬ್ಬರಿಗೆ ವಹಿಸಿ. ನಡುವೆ ಒಬ್ಬರದು ತಪ್ಪಿಹೋದರೆ ಇಡೀ ಗುಂಪು ಕಾಯಬೇಕಾಗುತ್ತದೆ.

ಐದು ಅನ್ನುವುದು ಕನಿಷ್ಠ. ನಾನು ಹೇಳುವುದು, ಎಂಟು ಜನರಿಂದ ಶುರು ಮಾಡಿ. ಐದು ವರ್ಷದಲ್ಲಿ ಮನೆ ಬದಲಾಗುತ್ತದೆ, ನರಿಯೋ ರಕೂನೋ ಗೂಡಿಗೆ ನುಗ್ಗುತ್ತದೆ, ಕೆಲವರಿಗೆ ಆಸಕ್ತಿಯೇ ಹೋಗುತ್ತದೆ. ಎಲ್ಲರೂ ಒಂದೇ ರಾಜ್ಯದವರಾಗಿರುವುದೂ ಬೇಡ. 2015ರಲ್ಲಿ, ಮತ್ತೆ 2022ರಲ್ಲಿ ಹಕ್ಕಿಜ್ವರ ಬಂದಾಗ ಹಲವು ರಾಜ್ಯಗಳು ಕೋಳಿ ಪ್ರದರ್ಶನಗಳನ್ನೇ ನಿಲ್ಲಿಸಿದ್ದವು. ಜನ ನಾಲ್ಕಾರು ಕಡೆ ಇದ್ದರೆ ಒಂದು ಕಡೆ ಬಾಗಿಲು ಮುಚ್ಚಿದರೂ ಇನ್ನೊಂದು ಕಡೆ ಲೆಕ್ಕ ಮುಂದುವರಿಯುತ್ತದೆ, ಮತ್ತು ಒಂದು ಗೂಡಿಗೆ ರೋಗ ತಗುಲಿದರೂ ತಳಿ ಉಳಿಯುತ್ತದೆ.

ಎಚ್ಚರಿಕೆಯ ಗುರುತು: ಐವರ ಹಕ್ಕಿಗಳೂ ಪ್ರತಿ ವರ್ಷ ನಿಮ್ಮ ಗೂಡಿನಿಂದಲೇ ಹೋಗುತ್ತಿದ್ದರೆ ನಿಮ್ಮ ಹತ್ತಿರ ಇರುವುದು ಒಬ್ಬ ಸಾಕಣೆದಾರ, ನಾಲ್ಕು ಜನ ಗಿರಾಕಿಗಳು. ಅವರು ತಮ್ಮದೇ ಮರಿ ಮಾಡಿಸಿ, ತಾವೇ ಆರಿಸಿ, ತಾವೇ ಮುಂದಿನ ಜೋಡಿ ಕಟ್ಟುತ್ತಿರಬೇಕು.

## ಹಂತ 3: ಮಾನದಂಡವನ್ನು ಬರೆಯಿರಿ, ಈಗಲೇ

ಅರ್ಜಿ ಹಾಕುವಾಗ ಬರೆದರಾಯಿತು ಅಂತ ಇದನ್ನು ಮುಂದಕ್ಕೆ ತಳ್ಳುತ್ತಾರೆ. ಆಗ ಏನಾಗುತ್ತದೆ ಅಂದರೆ ಎಂಟು ಜನ ಎಂಟು ಹಕ್ಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಐದು ವರ್ಷ ಆರಿಸುತ್ತಾ ಹೋಗುತ್ತಾರೆ, ಕೊನೆಗೆ ಒಂದೇ ಕಡೆ ಪಂಜರದಲ್ಲಿ ನಿಲ್ಲಿಸಿದಾಗ ಮೂರು ತಳಿ ಕಾಣಿಸುತ್ತದೆ.

ಪುಸ್ತಕದಲ್ಲಿ ಈಗಾಗಲೇ ಇರುವ ತಳಿಗಳ ವಿವರಣೆಯ ಕ್ರಮವನ್ನೇ ಹಿಡಿಯಿರಿ. ಉಪಯೋಗ, ಅನರ್ಹತೆಗಳು, ತೂಕ, ಆಮೇಲೆ ಹುಂಜದ ಆಕಾರ, ಹೇಂಟೆಯ ಆಕಾರ, ಬಣ್ಣ. ತೂಕವನ್ನು ನಾಲ್ಕು ವರ್ಗಕ್ಕೂ ಬೇರೆ ಬೇರೆ ಕೊಡಬೇಕು. ರೋಡ್ ಐಲೆಂಡ್ ರೆಡ್‌ಗೆ ಹುಂಜ ಎಂಟೂವರೆ ಪೌಂಡ್, ಹೇಂಟೆ ಆರೂವರೆ, ಎಳೆ ಹುಂಜ ಏಳೂವರೆ, ಎಳೆ ಹೇಂಟೆ ಐದೂವರೆ ಅಂತ ಇರುವ ಹಾಗೆ.

"ಬಾಲ ಸ್ವಲ್ಪ ಎತ್ತರ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ನೆಲದ ಗೆರೆಯಿಂದ ಎಷ್ಟು ಡಿಗ್ರಿ ಅಂತ ಬರೆಯಿರಿ. "ಕಾಲು ಹಳದಿ" ಅಂದರೆ ಎಂಥ ಹಳದಿ, ಹೇಂಟೆಯಲ್ಲೂ ಅದೇನಾ? ಜುಟ್ಟಿಗೆ ಎಷ್ಟು ಹಲ್ಲು? ಕಿವಿಹಾಲೆ ಕೆಂಪೋ ಬಿಳಿಯೋ? ಗರಿಯ ಬುಡದ ಒಳಬಣ್ಣ ಯಾವುದು? ನಿಮ್ಮ ತಳಿಯನ್ನು ಒಂದು ಸಲವೂ ನೋಡದ ಜಡ್ಜ್ ಈ ಹಾಳೆ ಓದಿ ಪಂಜರದ ಮುಂದೆ ನಿಂತು ತೀರ್ಮಾನ ಕೊಡುವ ಹಾಗಿರಬೇಕು. ಪರೀಕ್ಷೆಗೆ ಒಂದು ಸುಲಭ ದಾರಿ ಇದೆ. ತಳಿಯ ಪರಿಚಯ ಇಲ್ಲದ ಒಬ್ಬ ಸಾಕಣೆದಾರರಿಗೆ ಹಾಳೆ ಕೊಟ್ಟು, ನಿಮ್ಮ ಹತ್ತು ಹಕ್ಕಿಗಳನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ಆರಿಸಲು ಹೇಳಿ. ಅವರ ಸಾಲು ನಿಮ್ಮದಕ್ಕಿಂತ ತೀರಾ ಬೇರೆಯಾದರೆ ಹಕ್ಕಿಯಲ್ಲಿ ಅಲ್ಲ, ಹಾಳೆಯಲ್ಲಿ ತಿದ್ದುಪಡಿ ಬೇಕು.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ ಅನ್ನಿಸುವುದು. ಒಂದೇ ಜೋಡಿಯಿಂದ ಸರಿಯಾದ ಹುಂಜವೂ ಸರಿಯಾದ ಹೇಂಟೆಯೂ ಹುಟ್ಟುವಂಥ ಮಾನದಂಡವನ್ನೇ ಬರೆಯಿರಿ. ಪಾರ್ಟ್ರಿಜ್ ವಯಾಂಡಾಟ್‌ನಂಥ ಹಕ್ಕಿಗಳಲ್ಲಿ ಹುಂಜಕ್ಕೊಂದು ಸಾಲು, ಹೇಂಟೆಗೊಂದು ಸಾಲು ಅಂತ ಎರಡು ಗೂಡು ಬೆಳೆಸುವ ಪದ್ಧತಿ ಬಂದದ್ದು ಅದಕ್ಕೇ. ಹುಂಜದ ಎದೆ ಅಚ್ಚ ಕಪ್ಪು ಇರಬೇಕು, ಹೇಂಟೆಯ ಗರಿಯಲ್ಲಿ ಸೂಕ್ಷ್ಮ ಗೆರೆಗಳು ಇರಬೇಕು ಅಂದರೆ ಎರಡೂ ಒಂದೇ ರಕ್ತದಲ್ಲಿ ಬರುವುದು ಕಷ್ಟ. ಹೊಸ ತಳಿಯಲ್ಲಿ ಈ ಹೊರೆ ಹಾಕಿಕೊಂಡರೆ ಅರ್ಧ ಸರಿ ಬರಬೇಕು ಅನ್ನುವ ಲೆಕ್ಕ ಯಾವತ್ತೂ ಕೂಡಿಬರುವುದಿಲ್ಲ.

## ಹಂತ 4: ಅರ್ಧಕ್ಕಿಂತ ಹೆಚ್ಚು ಸರಿ ಬರುವಂತೆ ಬೆಳೆಸಿ

ನಿಜವಾದ ಕೆಲಸ ಇದು. ವರ್ಷಗಳು ಹೋಗುವುದೂ ಇಲ್ಲೇ.

ಮೊದಲು ಎಣಿಕೆ ಸರಿ ಮಾಡಿಕೊಳ್ಳಿ. ತುಂಬಾ ಜನ ಕೆಟ್ಟ ಮರಿಗಳನ್ನು ಮೊದಲೇ ತೆಗೆದುಹಾಕಿ, ಉಳಿದವುಗಳಲ್ಲಿ ಶೇ 80 ಸರಿ ಅನ್ನುತ್ತಾರೆ. ಅದು ಲೆಕ್ಕವಲ್ಲ. ಹುಟ್ಟಿದ ಎಲ್ಲವನ್ನೂ ಎಣಿಸಿ, ತೆಗೆದುಹಾಕಿದ್ದು ಯಾಕೆ ಅಂತ ಬರೆದಿಟ್ಟು, ಆಮೇಲೆ ಶೇಕಡಾ ಹಾಕಿ. ನೀವು ಸಹಿ ಹಾಕುತ್ತಿರುವುದು ಪ್ರಮಾಣಪತ್ರಕ್ಕೆ ಅನ್ನುವುದು ನೆನಪಿರಲಿ.

ಆಮೇಲೆ ನಿಮ್ಮ ಹಕ್ಕಿಯ ಗುಣಗಳಲ್ಲಿ ಯಾವುದು ಯಾವ ಥರ ಮರಿಗೆ ಇಳಿಯುತ್ತದೆ ಅಂತ ತಿಳಿದುಕೊಳ್ಳಿ. ಬ್ಲೂ, ಅಂದರೆ ನೀಲಿ ಛಾಯೆಯ ಬೂದು ಬಣ್ಣ, ತೆಗೆದುಕೊಳ್ಳಿ. ಬ್ಲೂಗೆ ಬ್ಲೂ ಕೂಡಿಸಿದರೆ ಸರಾಸರಿ ಅರ್ಧ ಭಾಗ ಬ್ಲೂ, ಕಾಲು ಭಾಗ ಕಪ್ಪು, ಕಾಲು ಭಾಗ ಸ್ಪ್ಲಾಶ್ (ಬಿಳಿಚಿದ ಮೈಮೇಲೆ ಬೂದು ಮಚ್ಚೆ). ಎಷ್ಟು ತಲೆಮಾರು ಬೆಳೆಸಿದರೂ ಇದು ಬದಲಾಗುವುದಿಲ್ಲ, ಯಾಕೆಂದರೆ ಒಂದೇ ಒಂದು ಪ್ರತಿ ಜೀನ್ ಇದ್ದಾಗ ಮಾತ್ರ ಬ್ಲೂ ಕಾಣಿಸುವುದು. ಅಂದರೆ ಬಣ್ಣದಲ್ಲೇ ನೀವು ಸರಿಯಾಗಿ ಅಂಚಿನ ಮೇಲೆ ನಿಂತಿದ್ದೀರಿ. ಇದರ ಮೇಲೆ ಜುಟ್ಟು, ಗಾತ್ರದ ದೋಷ ಸೇರಿದರೆ ಅರ್ಧದ ಕೆಳಗೆ ಜಾರುತ್ತೀರಿ. ಕಪ್ಪಿಗೆ ಸ್ಪ್ಲಾಶ್ ಕೂಡಿಸಿದರೆ ಮರಿಗಳೆಲ್ಲ ಬ್ಲೂ ಬರುತ್ತವೆ ಅನ್ನುವುದು ನಿಜ. ಆದರೆ ಆ ಅಂಕಿಯನ್ನು ಬ್ಲೂಗೆ ಬ್ಲೂ ಕೂಡಿಸಿದ ಅಂಕಿಯ ಜೊತೆ ಬೆರೆಸಬೇಡಿ. ಎರಡನ್ನೂ ಬೇರೆ ಬೇರೆ ಬರೆಯಿರಿ. ಲ್ಯಾವೆಂಡರ್ ಅನ್ನುವ ತಿಳಿ ಬೂದು ಬಣ್ಣ ಇದಕ್ಕೆ ತದ್ವಿರುದ್ಧ. ಅದು ಅಡಗಿ ಇರುವ ಗುಣ, ಎರಡು ಪ್ರತಿ ಬೇಕು, ಲ್ಯಾವೆಂಡರ್‌ಗೆ ಲ್ಯಾವೆಂಡರ್ ಕೂಡಿಸಿದರೆ ಎಲ್ಲವೂ ಲ್ಯಾವೆಂಡರ್. ಆದರೆ ಅದರ ಜೊತೆ ಬಾಲದ ಗರಿ ಹರಕು ಹರಕಾಗಿ ಬೆಳೆಯುವ ದೋಷ ಬರುವುದುಂಟು, ಅದಕ್ಕೇ ನಡುನಡುವೆ ಒಳ್ಳೆಯ ಗರಿಯ ಕಪ್ಪು ಹಕ್ಕಿಗೆ ಕೂಡಿಸಬೇಕಾಗುತ್ತದೆ. ಆಗ ಮೊದಲ ತಲೆಮಾರು ಪೂರ್ತಿ ಕಪ್ಪು. ಗಾಬರಿ ಬೇಡ, ಲ್ಯಾವೆಂಡರ್ ಅವುಗಳಲ್ಲಿ ಅಡಗಿದೆ.

ಕೆಲವು ಗುಣಗಳು ಮೊಟ್ಟೆಯಲ್ಲೇ ಮರಿ ಕೊಲ್ಲುತ್ತವೆ. ಜಪಾನೀಸ್ ಬ್ಯಾಂಟಮ್‌ನ ಗಿಡ್ಡ ಕಾಲು, ಆರಾಕಾನಾದ ಕಿವಿ ಹತ್ತಿರದ ಗರಿಗೊಂಚಲು ಇಂಥವು. ಎರಡು ಗಿಡ್ಡ ಕಾಲಿನ ಹಕ್ಕಿಗಳನ್ನು ಕೂಡಿಸಿದರೆ ಕಾಲು ಭಾಗ ಮರಿಗಳು ಮೊಟ್ಟೆಯೊಡೆಯುವುದಿಲ್ಲ, ಬದುಕಿದವುಗಳಲ್ಲಿ ಮೂರರಲ್ಲಿ ಒಂದು ಉದ್ದ ಕಾಲಿನದು. ಹೊಸ ತಳಿಗೆ ಇಂಥ ಗುಣವನ್ನು ಗುರುತಾಗಿ ಇಡುವ ಮುಂಚೆ ತುಂಬಾ ಯೋಚಿಸಿ. ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆ. ಅರಳದ ಮೊಟ್ಟೆಗಳನ್ನು ಪ್ರತಿ ವರ್ಷ ನೋಡುತ್ತಾ ಕೂರುವುದು ಯಾರಿಗೆ ಬೇಕು?

ಅಡಗಿದ ದೋಷಗಳು ಇನ್ನೊಂದು ತಲೆನೋವು. ರೋಸ್ ಕೋಂಬ್ (ಚಪ್ಪಟೆಯಾಗಿ ಹರಡಿದ ಜುಟ್ಟು) ಹಕ್ಕಿಗಳಲ್ಲಿ ಸಿಂಗಲ್ ಕೋಂಬ್ (ಒಂದೇ ಸಾಲಿನ, ಗರಗಸದ ಹಲ್ಲಿನಂಥ ಜುಟ್ಟು) ಅಡಗಿ ಕೂತಿರಬಹುದು, ಅಂಥ ಎರಡು ಹಕ್ಕಿ ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ಸಿಂಗಲ್ ಕೋಂಬ್. ಅನುಮಾನದ ಹುಂಜವನ್ನು ಸಿಂಗಲ್ ಕೋಂಬ್ ಹೇಂಟೆಗೆ ಬಿಟ್ಟು ನೋಡಿ. ಹತ್ತು ಮರಿಗಳಲ್ಲಿ ಒಂದಕ್ಕೂ ಸಿಂಗಲ್ ಕೋಂಬ್ ಬರದಿದ್ದರೆ ಆ ಹುಂಜ ಶುದ್ಧ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಇದನ್ನು ಅತಿ ಮಾಡಬೇಡಿ. ಎರಡೂ ಪ್ರತಿ ರೋಸ್ ಕೋಂಬ್ ಇರುವ ಹುಂಜಗಳಲ್ಲಿ ಮೊಟ್ಟೆಯಲ್ಲಿ ಮರಿ ಕಟ್ಟಿಸುವ ಶಕ್ತಿ ಕಡಿಮೆ ಇರುತ್ತದೆ, ವಯಾಂಡಾಟ್ ಸಾಕುವವರಿಗೆ ಇದು ಚೆನ್ನಾಗಿ ಗೊತ್ತು.

ರಕ್ತಸಂಬಂಧದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೂರು ಕುಟುಂಬ ಮಾಡಿಕೊಂಡು, ಮರಿ ಹೇಂಟೆಗಳನ್ನು ತಾಯಿಯ ಕುಟುಂಬದಲ್ಲೇ ಉಳಿಸಿ, ಹುಂಜಗಳನ್ನು ಮಾತ್ರ ಪ್ರತಿ ವರ್ಷ ಮುಂದಿನ ಕುಟುಂಬಕ್ಕೆ ದಾಟಿಸಿ. ಮೊಟ್ಟೆ ಒಡೆಯುವ ಪ್ರಮಾಣ ಇಳಿಯುತ್ತಾ ಬಂದರೆ, ಮರಿಗಳು ಸುಮ್ನೆ ಸುಮ್ನೆ ಸಾಯುತ್ತಿದ್ದರೆ, ಹಕ್ಕಿಯ ಗಾತ್ರ ಪ್ರತಿ ತಲೆಮಾರಿಗೂ ಕುಗ್ಗುತ್ತಿದ್ದರೆ ಅದು ರಕ್ತ ತೀರಾ ಹತ್ತಿರವಾಗಿರುವ ಲಕ್ಷಣ. ಆಗ ಗುಂಪಿನ ಇನ್ನೊಬ್ಬರಿಂದ ಹುಂಜ ತನ್ನಿ. ಹೊರಗಿನ ತಳಿ ತಂದು ಬೆರೆಸಿದರೆ ಗಟ್ಟಿ ಮಾಡಿಕೊಂಡ ಗುಣಗಳು ಮತ್ತೆ ಸಡಿಲವಾಗುತ್ತವೆ.

## ಹಂತ 5: ದಾಖಲೆ ಇಡಿ

ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ಗೂಡಿನ ನಂಬರು, ತಾರೀಕು. 18ನೇ ದಿನ ಮೊಟ್ಟೆಗಳನ್ನು ಕುಟುಂಬದ ಪ್ರಕಾರ ಬೇರೆ ಬೇರೆ ಬುಟ್ಟಿಗೆ ಹಾಕಿ. 21ನೇ ದಿನ ಮರಿ ಹೊರಗೆ ಬಂದ ಮೇಲೆ, ಬುಟ್ಟಿಯಿಂದ ತೆಗೆಯುವಾಗಲೇ ಟೋ ಪಂಚ್ ಹಾಕಿ. ಎರಡು ಕಾಲಿಗೆ ಸೇರಿ ನಾಲ್ಕು ಪೊರೆ, ಅದರಲ್ಲಿ 16 ಥರದ ಗುರುತು ಮಾಡಬಹುದು. ಎಲ್ಲ ಮರಿಗಳನ್ನೂ ಒಂದೇ ಬ್ರೂಡರ್‌ಗೆ (ಮರಿಗಳನ್ನು ಬೆಚ್ಚಗಿಡುವ ಪೆಟ್ಟಿಗೆ) ಬಿಟ್ಟು ಆಮೇಲೆ ನೆನಪಿನಿಂದ ಗುರುತು ಹಿಡಿಯುತ್ತೇನೆ ಅನ್ನುವವರ ಪುಸ್ತಕ ನಂಬಲು ಆಗುವುದಿಲ್ಲ.

ಬೆಳೆದ ಮೇಲೆ ಕಾಲುಂಗುರ, ತೂಕ, ಫೋಟೋ. ಗುಂಪಿನ ಎಲ್ಲರೂ ಒಂದೇ ನಮೂನೆಯ ಹಾಳೆ ಬಳಸಲಿ. ಎಂಟು ಜನರ ಎಂಟು ಥರದ ಪುಸ್ತಕಗಳನ್ನು ಕೊನೆಗೆ ಜೋಡಿಸಲು ಹೊರಟರೆ ಅದೇ ಒಂದು ದೊಡ್ಡ ಕೆಲಸವಾಗುತ್ತದೆ.

## ಹಂತ 6: ಎರಡು ವರ್ಷ ಶೋಗಳಲ್ಲಿ ನಿಲ್ಲಿಸಿ

ಮಾನ್ಯತೆಗಾಗಿ ಕೊನೆಯಲ್ಲಿ ನಡೆಯುವ ಅರ್ಹತಾ ಮೇಳಕ್ಕೆ (ಹಂತ 8 ನೋಡಿ) ಮುಂಚೆ ಎರಡು ವರ್ಷ, ಪ್ರತಿ ವರ್ಷವೂ, ಹುಂಜ, ಹೇಂಟೆ, ಎಳೆ ಹುಂಜ, ಎಳೆ ಹೇಂಟೆ ಈ ನಾಲ್ಕು ವರ್ಗದಲ್ಲೂ ಎರಡೆರಡು ಹಕ್ಕಿಗೆ ಕಡಿಮೆಯಿಲ್ಲದಂತೆ ಪ್ರದರ್ಶಿಸಿರಬೇಕು. ಶೋ ಕಾರ್ಯದರ್ಶಿ ಅದನ್ನು ಪತ್ರದಲ್ಲಿ ದೃಢೀಕರಿಸಬೇಕು. ಒಂದು ವರ್ಷ ತುಂಬಿದ ಗಂಡು ಹುಂಜದ ವರ್ಗಕ್ಕೆ, ತುಂಬದ್ದು ಎಳೆ ಹುಂಜದ ವರ್ಗಕ್ಕೆ. ಹೆಣ್ಣಿಗೂ ಹಾಗೇ.

ಎಡವುವುದು ಎಲ್ಲಿ ಗೊತ್ತಾ? ಎಳೆ ಹಕ್ಕಿಗಳನ್ನು ಮಾತ್ರ ತೆಗೆದುಕೊಂಡು ಹೋಗುತ್ತಾರೆ, ಅವು ಹೊಳೆಯುತ್ತಿರುತ್ತವಲ್ಲ. ಹಳೆಯ ಹುಂಜ ಹೇಂಟೆಗಳು ಶೋ ಕಾಲಕ್ಕೆ ಸರಿಯಾಗಿ ಗರಿ ಉದುರಿಸಿಕೊಂಡು ಕೂತಿರುತ್ತವೆ. ವರ್ಷ ಮುಗಿದ ಮೇಲೆ ನೋಡಿದರೆ ಒಂದು ವರ್ಗ ಖಾಲಿ. ಅಮೆರಿಕದ ದೊಡ್ಡ ಶೋಗಳು ಹೆಚ್ಚಾಗಿ ಅಕ್ಟೋಬರ್, ನವೆಂಬರ್‌ನಲ್ಲಿ. ಅದಕ್ಕೆ ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಮರಿ ಮಾಡಿಸಿದರೆ ಎಳೆ ಹಕ್ಕಿಗಳು ತುಂಬಿ ಬರುತ್ತವೆ. ಹಳೆಯ ಹಕ್ಕಿಗಳನ್ನು ವಸಂತದ ಶೋಗಳಿಗೂ ಕರೆದೊಯ್ಯಿರಿ, ಆಗ ಹೊಸ ಗರಿ ಗಟ್ಟಿಯಾಗಿರುತ್ತದೆ.

ಶೋ ಮುಗಿದ ದಿನವೇ ಕಾರ್ಯದರ್ಶಿಯ ಹತ್ತಿರ ಪತ್ರ ಮಾಡಿಸಿಕೊಳ್ಳಿ. ಎರಡು ವರ್ಷ ಆದ ಮೇಲೆ ಕೇಳಿದರೆ ಆ ಕಾರ್ಯದರ್ಶಿಯೇ ಬದಲಾಗಿರಬಹುದು, ಹಳೆಯ ಕಾಗದ ಎಲ್ಲಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಹಕ್ಕಿ ನೋಡಿದ ಜಡ್ಜ್‌ಗೆ ಎಪಿಎ ಪರವಾನಗಿ ಇದೆಯಾ ಅಂತ ಪ್ರವೇಶ ಕಟ್ಟುವ ಮುಂಚೆಯೇ ಖಚಿತ ಮಾಡಿಕೊಳ್ಳಿ. ಅವರ ಅಭಿಪ್ರಾಯವೂ ಅರ್ಜಿಗೆ ಬೇಕು, ಆದ್ದರಿಂದ ನಿಮ್ಮ ಮಾನದಂಡದ ಹಾಳೆಯನ್ನು ಅವರ ಕೈಗೆ ಸಿಗುವಂತೆ ಮಾಡಿ. ಮೆಚ್ಚುಗೆಯ ಮಾತಿಗಿಂತ ದೋಷದ ಮಾತನ್ನು ಜಾಸ್ತಿ ಗಮನ ಇಟ್ಟು ಬರೆದುಕೊಳ್ಳಿ. ಮೂರು ಜಡ್ಜ್‌ಗಳು ಬೇರೆ ಬೇರೆ ಊರಲ್ಲಿ ಅದೇ ದೋಷ ಹೇಳಿದರೆ ಅದು ಗುಂಪಿನ ಎಲ್ಲರ ಗೂಡಲ್ಲೂ ಇದೆ ಅಂತಲೇ ಅರ್ಥ.

ಹಕ್ಕಿಗಳ ಆರೋಗ್ಯದ ಕಾಗದ ಮರೆತರೆ ಬಾಗಿಲಲ್ಲೇ ವಾಪಸ್. ಬಹುಪಾಲು ರಾಜ್ಯಗಳು ನ್ಯಾಷನಲ್ ಪೌಲ್ಟ್ರಿ ಇಂಪ್ರೂವ್‌ಮೆಂಟ್ ಪ್ಲ್ಯಾನ್ ಅನ್ನುವ ಕೋಳಿ ಆರೋಗ್ಯ ಯೋಜನೆಯ ಪ್ರಮಾಣಪತ್ರವನ್ನೋ ಪುಲ್ಲೋರಮ್ ಅನ್ನುವ ಕೋಳಿ ರೋಗದ ಪರೀಕ್ಷೆಯ ವರದಿಯನ್ನೋ ಕೇಳುತ್ತವೆ. ರಾಜ್ಯದ ಗಡಿ ದಾಟುವಾಗ ನಿಯಮ ಬೇರೆ ಬೇರೆ. ಹೋಗುವ ರಾಜ್ಯದ ಪಶುವೈದ್ಯ ಕಚೇರಿಗೆ ಫೋನ್ ಮಾಡಿ ಕೇಳಿಕೊಳ್ಳುವುದೇ ಒಳ್ಳೆಯದು.

ಮನೆಗೆ ಬಂದ ಹಕ್ಕಿಗಳನ್ನು ಎರಡು ಮೂರು ವಾರವಾದರೂ ಬೇರೆ ಇಡಿ. ಐದು ವರ್ಷದ ಶ್ರಮ ಒಂದು ಶೀನಿನಿಂದ ಹಾಳಾಗಬಾರದು.

## ಹಂತ 7: ಅರ್ಜಿಯ ಕಟ್ಟು ಜೋಡಿಸಿ

ಮೇಲಿನದೆಲ್ಲ ಸರಿಯಾಗಿ ಆಗಿದ್ದರೆ ಇದು ಬರೀ ಜೋಡಿಸುವ ಕೆಲಸ. ತಳಿಯ ಹೆಸರು, ಹುಟ್ಟಿದ ಬಗೆ, ಯಾವ ಯಾವ ತಳಿಗಳನ್ನು ಬೆರೆಸಿದ್ದು, ಮಾನದಂಡದ ಹಾಳೆ, ಐವರ ಅಫಿಡವಿಟ್, ಶೋ ಕಾರ್ಯದರ್ಶಿಗಳ ಪತ್ರ, ಜಡ್ಜ್‌ಗಳ ಅಭಿಪ್ರಾಯ, ಶುಲ್ಕ.

ಬೆರಕೆಯ ಚರಿತ್ರೆಯಲ್ಲಿ ಮುಚ್ಚಿಡಬೇಡಿ. ನಡುವೆ ಸೈಜ್ ಹೆಚ್ಚಿಸಲು ಬೇರೆ ತಳಿ ತಂದಿದ್ದರೆ ಅದನ್ನೂ ಬರೆಯಿರಿ. ಗೊತ್ತಿರುವವರು ಹಕ್ಕಿ ನೋಡಿದ ಕೂಡಲೇ ಹಿಡಿಯುತ್ತಾರೆ, ಆಮೇಲೆ ಉಳಿದ ಕಾಗದಗಳ ಮೇಲೂ ಅನುಮಾನ ಬರುತ್ತದೆ. ಅಫಿಡವಿಟ್‌ಗಳು ಐದೂ ಅಕ್ಷರ ಅಕ್ಷರ ಒಂದೇ ಥರ ಇದ್ದರೆ ಒಬ್ಬರೇ ಬರೆದು ಸಹಿ ಹಾಕಿಸಿದ ಹಾಗೆ ಕಾಣುತ್ತದೆ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ತಾವೇ ಬರೆಯಲಿ.

ಒಂದು ಪೂರ್ತಿ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಂಡು ಕಳಿಸಿ. ಮಾನದಂಡ ಸಮಿತಿ ತಿದ್ದುಪಡಿ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಮಾತು ಮುಂದುವರಿದಿದೆ ಅಂದರೆ ಕೆಲಸ ನಡೆಯುತ್ತಿದೆ ಅಂತಲೇ.

## ಹಂತ 8: ಅರ್ಹತಾ ಮೇಳ

ಎಪಿಎ ಒಪ್ಪಿಗೆ ಪಡೆದು ನಡೆಸುವ ಮೇಳ ಇದು. ಕನಿಷ್ಠ 50 ಹಕ್ಕಿ, ಕನಿಷ್ಠ ಐವರು ಪ್ರದರ್ಶಕರು, ನಾಲ್ಕೂ ವರ್ಗಗಳು. ಜಡ್ಜ್‌ಗಳು ಇಲ್ಲಿ ಯಾವ ಹಕ್ಕಿ ಗೆದ್ದಿತು ಅನ್ನುವುದಕ್ಕಿಂತ ಐವತ್ತೂ ಒಂದೇ ಮನೆತನದ ಹಾಗೆ ಕಾಣುತ್ತವೆಯಾ ಅಂತ ನೋಡುತ್ತಾರೆ.

ಇದರಿಂದಲೇ ಒಂದು ವಿಚಿತ್ರ ಮಾತು ಹುಟ್ಟುತ್ತದೆ. ನಿಮ್ಮ ಹತ್ತಿರ ಇರುವ ಅತಿ ದೊಡ್ಡ, ಅತಿ ಅಬ್ಬರದ ಹುಂಜವನ್ನು ಮನೆಯಲ್ಲೇ ಬಿಟ್ಟು ಬರಬೇಕಾಗಬಹುದು. ತೂಕದಲ್ಲಿ ಅದು ಉಳಿದವುಗಳಿಗಿಂತ ಎರಡು ಪೌಂಡ್ ಹೆಚ್ಚಿದ್ದರೆ ಸಾಲಿನಲ್ಲಿ ನಿಂತಾಗ ಉಳಿದ ಎಲ್ಲವೂ ಕುಳ್ಳಗೆ ಕಾಣುತ್ತವೆ. ಮೇಳಕ್ಕೆ ಆರು ವಾರ ಮುಂಚೆ ಗುಂಪಿನವರೆಲ್ಲ ತಮ್ಮ ಹಕ್ಕಿಗಳ ತೂಕ, ಫೋಟೋ ಹಂಚಿಕೊಂಡು ಯಾವುದು ಬರಬೇಕು, ಯಾವುದು ಬೇಡ ಅಂತ ಒಟ್ಟಿಗೆ ತೀರ್ಮಾನಿಸಿ.

50 ಬೇಕಾದರೆ 65 ಆದರೂ ತಯಾರಿಡಿ. ದಾರಿಯಲ್ಲಿ ಬಾಲದ ಗರಿ ಮುರಿಯುತ್ತದೆ, ಒಬ್ಬರ ಗಾಡಿ ಕೆಡುತ್ತದೆ, ಒಂದೆರಡು ಹಕ್ಕಿಗಳು ಅನರ್ಹವಾಗುತ್ತವೆ. ಅನರ್ಹತೆಗಳನ್ನು ಹೊರಡುವ ಮುಂಚೆ ಕೈಯಲ್ಲಿ ಹಿಡಿದು ಹುಡುಕಿ, ಕಣ್ಣಲ್ಲಿ ನೋಡಿದರೆ ಸಾಲದು. ಸಿಂಗಲ್ ಕೋಂಬ್‌ನ ಪಕ್ಕದಲ್ಲಿ ಹೆಚ್ಚುವರಿ ಮೊಳಕೆ, ಒಂದು ಕಡೆಗೆ ವಾಲಿದ ಬಾಲ, ಸೊಟ್ಟ ಕೊಕ್ಕು, ಬೋಳು ಕಾಲಿನ ತಳಿಯಲ್ಲಿ ಬೆರಳ ಸಂದಿನಲ್ಲಿ ಅಡಗಿದ ಸಣ್ಣ ಗರಿ, ರೆಕ್ಕೆ ಬಿಡಿಸಿದಾಗ ನಡುವೆ ಕಾಣುವ ಬಿರುಕು. ಬೆರಳ ಸಂದಿನ ಗರಿಯಂತೂ ಬಹಳ ಜನರಿಗೆ ಮೇಳದಲ್ಲೇ ಮೊದಲು ಗೊತ್ತಾಗುತ್ತದೆ.

ಗರಿ ಕೀಳುವುದು, ಬಣ್ಣ ಹಚ್ಚುವುದು, ಜುಟ್ಟು ಕತ್ತರಿಸಿ ಸರಿ ಮಾಡುವುದು ಎಲ್ಲವೂ ಮೋಸ, ಸಿಕ್ಕಿದರೆ ಆ ಹಕ್ಕಿ ಹೊರಗೆ. ಸಿಗದಿದ್ದರೂ ಆ ದೋಷ ಮುಂದಿನ ಮರಿಗಳಲ್ಲಿ ಹಾಗೇ ಇರುತ್ತದೆ ಅಲ್ವಾ. ಸ್ನಾನ ಮಾಡಿಸುವುದು ತಪ್ಪಲ್ಲ, ಮಾಡಿಸಲೇಬೇಕು. ಉಗುರುಬೆಚ್ಚಗಿನ ನೀರು, ಮೆದು ಸೋಪು, ಸೋಪು ಪೂರ್ತಿ ಹೋಗುವವರೆಗೆ ತೊಳೆದು, ಗಾಳಿ ಬೀಸದ ಬೆಚ್ಚಗಿನ ಜಾಗದಲ್ಲಿ ಒಣಗಿಸಿ. ಮೇಳಕ್ಕೆ ಎರಡು ಮೂರು ದಿನ ಮುಂಚೆ ಮಾಡಿದರೆ ಗರಿಯ ಎಣ್ಣೆ ಮತ್ತೆ ಹರಡಿ ಹೊಳಪು ಬರಲು ಸಮಯ ಸಿಗುತ್ತದೆ.

ಪಂಜರದ ಅಭ್ಯಾಸ ಇಲ್ಲದ ಹಕ್ಕಿ ಮೂಲೆಯಲ್ಲಿ ಮುದುರಿ ಕೂರುತ್ತದೆ. ಮೈಕಟ್ಟು ಕಾಣದಿದ್ದರೆ ಜಡ್ಜ್ ಏನನ್ನು ನೋಡಬೇಕು? ವಾರಗಳ ಮುಂಚೆಯೇ ಪ್ರದರ್ಶನದ ಪಂಜರದಲ್ಲಿಟ್ಟು, ದಿನಾ ಕೈಯಲ್ಲಿ ಎತ್ತಿ, ರೆಕ್ಕೆ ಬಿಡಿಸಿ, ಮತ್ತೆ ನಿಲ್ಲಿಸುವುದನ್ನು ರೂಢಿ ಮಾಡಿಸಿ.

## ಹಂತ 9: ವರದಿ ಬಂದ ಮೇಲೆ

ಜಡ್ಜ್‌ಗಳ ವರದಿ ಮಾನದಂಡ ಸಮಿತಿಗೆ ಹೋಗುತ್ತದೆ, ಸಮಿತಿಯ ಶಿಫಾರಸಿನ ಮೇಲೆ ಎಪಿಎ ಆಡಳಿತ ಮಂಡಳಿ ತೀರ್ಮಾನ ಮಾಡುತ್ತದೆ. ಅದು ಬರುವವರೆಗೆ ತಳಿಗೆ ಮಾನ್ಯತೆ ಸಿಕ್ಕಿತು ಅಂತ ಎಲ್ಲೂ ಹೇಳಿಕೊಳ್ಳಬೇಡಿ, ಮರಿ ಮಾರುವಾಗಲಂತೂ ಬೇಡವೇ ಬೇಡ.

ಆಗಲಿಲ್ಲ ಅಂತ ಬಂದರೆ ವರದಿಯಲ್ಲಿ ಒಂದೊಂದು ದೋಷಕ್ಕೂ ಪಕ್ಕದಲ್ಲಿ ಬರೆಯಿರಿ, ಇದು ಎಷ್ಟು ಜನರ ಹಕ್ಕಿಯಲ್ಲಿದೆ ಅಂತ. ಒಬ್ಬಿಬ್ಬರದ್ದಾದರೆ ಅವರಿಗೆ ಬೇರೆ ಗೂಡಿನಿಂದ ಹುಂಜ ಕೊಟ್ಟು ಒಂದೆರಡು ತಲೆಮಾರಿನಲ್ಲಿ ಸರಿ ಮಾಡಬಹುದು. ಎಲ್ಲರದ್ದೂ ಆದರೆ ಮಾನದಂಡದ ಹಾಳೆಯನ್ನೇ ಮತ್ತೆ ತೆರೆದು ನೋಡಿ. ನಾವು ಕೇಳುತ್ತಿರುವುದು ಈ ರಕ್ತದಲ್ಲಿ ಇದೆಯಾ, ಇಲ್ಲವಾ? ಹಾಳೆ ಬದಲಿಸಿದರೆ ಹೊಸ ಹಾಳೆಯನ್ನು ಗುಂಪಿನ ಎಲ್ಲರಿಗೂ ಅದೇ ವಾರ ಕಳಿಸಿ, ಹಳೆಯದನ್ನು ಹರಿದುಹಾಕಲು ಹೇಳಿ. ಸದಸ್ಯತ್ವ, ಪುಸ್ತಕ, ಶೋ ಪತ್ರ ಯಾವುದನ್ನೂ ನಿಲ್ಲಿಸಬೇಡಿ. ಮುಂದಿನ ಸಲ ಯಾವ ಕಾಗದ ಮತ್ತೆ ಲೆಕ್ಕಕ್ಕೆ ಬರುತ್ತದೆ, ಯಾವುದು ಹೊಸದಾಗಿ ಬೇಕು ಅಂತ ಸಮಿತಿಯನ್ನು ಬರಹದಲ್ಲಿ ಕೇಳಿ, ಉತ್ತರವನ್ನು ಅರ್ಜಿಯ ಕಟ್ಟಿನ ಜೊತೆಗೇ ಇಡಿ.